ಡಾ. ವಿಲಿಯಂ ಜಾನ್ ಲಿಟಲ್: ಸೆರೆಬ್ರಲ್ ಪಾಲ್ಸಿಯನ್ನು ವೈದ್ಯಲೋಕಕ್ಕೆ ಪರಿಚಯಿಸಿದ ವೈದ್ಯ

ಮಗುವಿಗೆ ಸೆರೆಬ್ರಲ್ ಪಾಲ್ಸಿ ಇದೆ ಎಂದು ವೈದ್ಯರು ಹೇಳಿದಾಗ ಹೆತ್ತವರ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆಗಳು ಎರಡು. ಇದು ಯಾಕೆ ಬಂತು? ವಾಸಿಯಾಗುತ್ತದೆಯೇ? ನಾಸಿಕ್‌ನ ಜಿಲ್ಲಾ ಆಸ್ಪತ್ರೆಯಲ್ಲಿ ಮಗುವನ್ನು ಎತ್ತಿಕೊಂಡು ಸರದಿಯಲ್ಲಿ ಕಾಯುವ ತಾಯಿಗೂ, ಛತ್ರಪತಿ ಸಂಭಾಜಿನಗರದಲ್ಲಿ ಜನರು ಘಾಟಿ ಎಂದು ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹಳ್ಳಿಯಿಂದ ಬಸ್ಸು ಹತ್ತಿ ಬರುವ ತಂದೆಗೂ ಕಾಡುವುದು ಇವೇ ಪ್ರಶ್ನೆಗಳು.

ಈ ಎರಡೂ ಪ್ರಶ್ನೆಗಳನ್ನು ಸುಮಾರು 160 ವರ್ಷಗಳ ಹಿಂದೆಯೇ ಗಂಭೀರವಾಗಿ ಕೈಗೆತ್ತಿಕೊಂಡವರು ಲಂಡನ್ನಿನ ವೈದ್ಯ ಡಾ. ವಿಲಿಯಂ ಜಾನ್ ಲಿಟಲ್. ಎರಡನೆಯ ಪ್ರಶ್ನೆಗೆ ಅವರು ತೋರಿಸಿದ ದಾರಿ ಇಂದಿಗೂ ಸರಿ. ಮೊದಲನೆಯದಕ್ಕೆ ಕೊಟ್ಟ ಉತ್ತರ ಅರ್ಧ ಮಾತ್ರ ಸರಿ. ಉಳಿದರ್ಧವನ್ನು ತಿಳಿಯದೆ ಇಂದಿಗೂ ಅನೇಕ ತಾಯಂದಿರು ತಮ್ಮನ್ನೇ ದೂಷಿಸಿಕೊಳ್ಳುತ್ತಿದ್ದಾರೆ.

ಕುಂಟುತ್ತಿದ್ದ ಹುಡುಗ

ಲಿಟಲ್ ಹುಟ್ಟಿದ್ದು 1810ರಲ್ಲಿ, ಲಂಡನ್ನಿನ ಪೂರ್ವಭಾಗದಲ್ಲಿ. ತಂದೆ ಅಲ್ಲಿ ಪ್ರಯಾಣಿಕರ ವಸತಿಗೃಹವೊಂದನ್ನು ನಡೆಸುತ್ತಿದ್ದರು. ಎಳೆಯ ವಯಸ್ಸಿನಲ್ಲೇ ಹುಡುಗನಿಗೆ ಪೋಲಿಯೊ ತಗುಲಿ ಎಡಗಾಲಿನ ಸ್ನಾಯುಗಳು ಸೋತವು. ಬೆಳೆಯುತ್ತಾ ಹೋದಂತೆ ಪಾದ ಒಳಕ್ಕೆ ತಿರುಚಿಕೊಂಡಿತು, ಹಿಮ್ಮಡಿ ನೆಲಕ್ಕೆ ತಾಗದಾಯಿತು. ಓದಿಗೆಂದು ಫ್ರಾನ್ಸಿನ ಶಾಲೆಗೆ ಹೋದಾಗ ಅವನ ನಡಿಗೆ ಜೊತೆಯ ಹುಡುಗರಿಗೆ ಅಣಕದ ವಸ್ತುವಾಯಿತು.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ನಮ್ಮಲ್ಲಿ ಕಾಲು ಸರಿಯಿಲ್ಲದ ಮಗುವನ್ನು ಕಂಡರೆ ಪೋಲಿಯೊ ಎಂದುಬಿಡುವವರು ಈಗಲೂ ಇದ್ದಾರೆ. ಪೋಲಿಯೊ ವೈರಾಣು ಹಾಳು ಮಾಡುವುದು ಮುಖ್ಯವಾಗಿ ಬೆನ್ನುಹುರಿಯ ನರಕೋಶಗಳನ್ನು. ಅದರಿಂದ ಸ್ನಾಯು ಸಡಿಲವಾಗಿ ಸೊರಗುತ್ತದೆ. ಸೆರೆಬ್ರಲ್ ಪಾಲ್ಸಿಯಲ್ಲಿ ತೊಂದರೆ ಇರುವುದು ಮಿದುಳಿನಲ್ಲಿ. ಹೆಚ್ಚಿನ ಮಕ್ಕಳಲ್ಲಿ ಸ್ನಾಯುಗಳು ಬಿಗಿಯಾಗುತ್ತವೆ. ಭಾರತ 2014ರಲ್ಲಿ ಪೋಲಿಯೊ ಮುಕ್ತ ಎಂದು ಪ್ರಮಾಣಿತವಾಗಿದೆ. ಇಂದು ನಮ್ಮ ಮಕ್ಕಳಲ್ಲಿ ಕಾಣುವ ದೈಹಿಕ ಅಂಗವೈಕಲ್ಯಕ್ಕೆ ಸೆರೆಬ್ರಲ್ ಪಾಲ್ಸಿಯೇ ಒಂದು ಮುಖ್ಯ ಕಾರಣ.

ಹ್ಯಾನೋವರ್‌ನಲ್ಲಿ ಸಿಕ್ಕ ಚಿಕಿತ್ಸೆ

ತನ್ನ ಕಾಲಿಗೆ ಎಲ್ಲಾದರೂ ಔಷಧ ಸಿಗಬಹುದು ಎಂಬ ಆಸೆಯೇ ಲಿಟಲ್ ಅವರನ್ನು ವೈದ್ಯಕೀಯದತ್ತ ಎಳೆಯಿತು. ಹದಿಹರೆಯದಲ್ಲೇ ಔಷಧ ತಯಾರಿಸುವ ವೈದ್ಯರೊಬ್ಬರ ಬಳಿ ಕೆಲಸಕ್ಕೆ ಸೇರಿದರು, ಬಳಿಕ ಲಂಡನ್ ಆಸ್ಪತ್ರೆಯಲ್ಲಿ ಕಲಿತರು. ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜುವನ್ನು ಕತ್ತರಿಸಿದರೆ ಪಾದ ನೇರವಾಗಬಹುದು ಎಂಬ ವಿಚಾರ ಆಗಲೇ ಇತ್ತು. ಆದರೆ ಗಾಯ ಕೀವಾಗಿ ಜೀವಕ್ಕೇ ಅಪಾಯ ಎಂದು ಇಂಗ್ಲೆಂಡಿನ ಹಿರಿಯ ವೈದ್ಯರು ಒಪ್ಪಲಿಲ್ಲ.

ಜರ್ಮನಿಯ ಹ್ಯಾನೋವರ್‌ನಲ್ಲಿ ಲೂಯಿ ಸ್ಟ್ರೊಮೇಯರ್ ಎಂಬ ಶಸ್ತ್ರವೈದ್ಯರು ಬೇರೆಯದೇ ವಿಧಾನ ಕಂಡುಕೊಂಡಿದ್ದರು. ಚರ್ಮದಲ್ಲಿ ಸಣ್ಣ ರಂಧ್ರದಷ್ಟೇ ಗಾಯ ಮಾಡಿ, ಅದರೊಳಗಿನಿಂದ ಕಿರಿದಾದ ಕತ್ತಿ ತೂರಿಸಿ ರಜ್ಜುವನ್ನು ಕತ್ತರಿಸುತ್ತಿದ್ದರು. ಗಾಳಿ ಸೋಕುವ ಗಾಯ ಚಿಕ್ಕದಾದ್ದರಿಂದ ಕೀವಾಗುವ ಸಂಭವ ಕಡಿಮೆಯಾಯಿತು. ಲಿಟಲ್ ಹುಡುಕಿಕೊಂಡು ಅಲ್ಲಿಗೆ ಹೋದರು. 1836ರಲ್ಲಿ ಸ್ಟ್ರೊಮೇಯರ್ ಅವರ ಕಾಲಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಈಥರ್ ಅರಿವಳಿಕೆ ಬಳಕೆಗೆ ಬಂದದ್ದು ಅದಾದ 10 ವರ್ಷಗಳ ನಂತರ.

ಕತ್ತರಿಸಿದ್ದರಿಂದಷ್ಟೇ ಕಾಲು ಸರಿಹೋಗಲಿಲ್ಲ. ಬಳಿಕ ಪಾದವನ್ನು ಉಪಕರಣಕ್ಕೆ ಕಟ್ಟಿ, ದಿನದಿನವೂ ಸ್ವಲ್ಪ ಸ್ವಲ್ಪವೇ ನೇರ ಮಾಡುತ್ತಾ ಬಂದರು. ಲಿಟಲ್ ಹಿಮ್ಮಡಿ ಊರಿ ನಡೆಯತೊಡಗಿದರು. ಈ ಪಾಠ ಇಂದಿನ ಕುಟುಂಬಗಳಿಗೂ ಬೇಕು. ಶಸ್ತ್ರಚಿಕಿತ್ಸೆಯಾಗಲಿ, ಬಿಗಿತ ಇಳಿಸುವ ಬೊಟುಲಿನಂ ಚುಚ್ಚುಮದ್ದಾಗಲಿ ಅರ್ಧ ಕೆಲಸ ಮಾತ್ರ. ಆನಂತರದ ಫಿಸಿಯೋಥೆರಪಿ, ಸ್ಪ್ಲಿಂಟ್ ಮತ್ತು ಮನೆಯ ಅಭ್ಯಾಸ ಉಳಿದರ್ಧ.

1837ರಲ್ಲಿ ಲಿಟಲ್ ಬರ್ಲಿನ್ನಿನಿಂದ ವೈದ್ಯ ಪದವಿ ಪಡೆದು ಊರಿಗೆ ಮರಳಿದರು. ಅದೇ ವರ್ಷ ಈ ಶಸ್ತ್ರಚಿಕಿತ್ಸೆಯನ್ನು ಇಂಗ್ಲೆಂಡಿನಲ್ಲಿ ಆರಂಭಿಸಿದರು. 1840ರಲ್ಲಿ ಲಂಡನ್ನಿನಲ್ಲಿ ಅಂಗಗಳ ವಕ್ರತೆಗಾಗಿಯೇ ಒಂದು ಚಿಕಿತ್ಸಾಲಯ ತೆರೆದರು. ಮುಂದೆ ಅದು ರಾಯಲ್ ಆರ್ಥೋಪೆಡಿಕ್ ಆಸ್ಪತ್ರೆಯಾಗಿ ಬೆಳೆಯಿತು. ತನ್ನ ಕಾಲನ್ನು ನೆಟ್ಟಗೆ ಮಾಡಿದ ವೈದ್ಯರ ಹೆಸರನ್ನು ಮಗನಿಗೆ ಇಟ್ಟರು: ಲೂಯಿ ಸ್ಟ್ರೊಮೇಯರ್ ಲಿಟಲ್.

ತೊಂದರೆ ಕಾಲಿನದಲ್ಲ, ಮಿದುಳಿನದು

ಆ ಚಿಕಿತ್ಸಾಲಯಕ್ಕೆ ಬರುತ್ತಿದ್ದ ಮಕ್ಕಳಲ್ಲಿ ಕೆಲವರು ಬೇರೆ ಥರ ಇದ್ದರು. ಅವರ ಕಾಲು ಸೊರಗಿರಲಿಲ್ಲ, ಬಿಗಿದುಕೊಂಡಿತ್ತು. ತೊಡೆಗಳು ಒಂದಕ್ಕೊಂದು ಅಂಟಿಕೊಂಡು, ಕಾಲುಗಳು ಕತ್ತರಿಯಂತೆ ಹೆಣೆದುಕೊಳ್ಳುತ್ತಿದ್ದವು. ನಿಲ್ಲಿಸಿದರೆ ತುದಿಗಾಲಲ್ಲಿ ನಿಲ್ಲುತ್ತಿದ್ದರು. ಕೆಲವರಿಗೆ ಕೈ ಮತ್ತು ಮಾತಿಗೂ ತೊಡಕಿತ್ತು.

ಲಿಟಲ್ ತಾಯಂದಿರನ್ನು ಕೂರಿಸಿಕೊಂಡು ಹೆರಿಗೆಯ ವಿವರ ಕೇಳಿದರು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು, ಹೆರಿಗೆ ಬಹಳ ಹೊತ್ತು ಹಿಡಿದ ಮಗು, ಹುಟ್ಟಿದ ಕೂಡಲೇ ಉಸಿರಾಡದ ಮಗು ಎಂಬ ಉತ್ತರಗಳು ಮತ್ತೆ ಮತ್ತೆ ಬಂದವು. ಎರಡು ದಶಕಗಳಲ್ಲಿ ಕಂಡದ್ದನ್ನೆಲ್ಲ ಸೇರಿಸಿ 1861ರಲ್ಲಿ ಲಂಡನ್ನಿನ ಪ್ರಸೂತಿ ವೈದ್ಯರ ಸಂಘದಲ್ಲಿ ಪ್ರಬಂಧ ಮಂಡಿಸಿದರು. ಕಾಲಿನ ಬಿಗಿತಕ್ಕೆ ಮೂಲ ನರಮಂಡಲದಲ್ಲಿದೆ, ಹುಟ್ಟುವ ಹೊತ್ತಿನ ತೊಂದರೆ ಮಗುವಿನ ಮುಂದಿನ ಬದುಕಿನವರೆಗೂ ಉಳಿಯಬಹುದು ಎಂಬುದು ಅದರ ಸಾರ. ಈ ಸ್ಥಿತಿಯನ್ನು ಬಹುಕಾಲ ಅವರ ಹೆಸರಿನಿಂದಲೇ ಲಿಟಲ್ ಕಾಯಿಲೆ ಎಂದು ಕರೆಯುತ್ತಿದ್ದರು.

ಇನ್ನೂ ಎರಡು ಸಂಗತಿಗಳನ್ನು ಅವರು ಗಮನಿಸಿದ್ದರು. ದೇಹ ಬಿಗಿದಿದ್ದರೂ ಎಷ್ಟೋ ಮಕ್ಕಳ ಬುದ್ಧಿ ಚೆನ್ನಾಗಿಯೇ ಇತ್ತು. ಸರಿಯಾದ ಆರೈಕೆ ದೊರೆತರೆ ಮಕ್ಕಳ ಸ್ಥಿತಿ ಸಾಕಷ್ಟು ಸುಧಾರಿಸುತ್ತಿತ್ತು.

ಇಂದಿನ ತಿಳಿವಳಿಕೆಯೂ ಹೀಗೇ ಇದೆ. ಬೆಳೆಯುತ್ತಿರುವ ಮಿದುಳಿಗೆ ಒಮ್ಮೆ ಆದ ಪೆಟ್ಟು ಮತ್ತೆ ಹೆಚ್ಚುತ್ತಾ ಹೋಗುವುದಿಲ್ಲ. ಆದರೆ ಅದರಿಂದ ಸ್ನಾಯು, ಕೀಲು, ಮೂಳೆಗಳ ಮೇಲೆ ಆಗುವ ಪರಿಣಾಮ ಮಗು ಬೆಳೆದಂತೆ ಬದಲಾಗುತ್ತದೆ. ಆರೈಕೆ ತಪ್ಪಿದರೆ ಕೀಲುಗಳು ಗಡುಸಾಗಬಹುದು, ಸೊಂಟದ ಕೀಲು ಜಾರಬಹುದು. ಈ ಸ್ಥಿತಿಯಿರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಬೌದ್ಧಿಕ ತೊಂದರೆ ಇರುವುದಿಲ್ಲ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೂರ್ಛೆ ಇರುತ್ತದೆ, ನಾಲ್ವರಲ್ಲಿ ಒಬ್ಬರಿಗೆ ಮಾತು ಬರುವುದಿಲ್ಲ. ಮಾತು ಬಾರದ ಮಗುವಿಗೆ ಏನೂ ತಿಳಿಯುವುದಿಲ್ಲ ಎಂದುಕೊಳ್ಳಬೇಡಿ.

ಯಾಕೆ ಬಂತು? ತಾಯಿಯ ತಪ್ಪಲ್ಲ

ಲಿಟಲ್ ಅವರ ಪ್ರಬಂಧದ ನಂತರ ಸೆರೆಬ್ರಲ್ ಪಾಲ್ಸಿ ಎಂದರೆ ಹೆರಿಗೆಯ ಹೊತ್ತಿನ ಎಡವಟ್ಟು ಎಂಬ ನಂಬಿಕೆ ಗಟ್ಟಿಯಾಯಿತು. ಮುಂದೆ ಮನೋವಿಶ್ಲೇಷಣೆಗೆ ಹೆಸರಾದ ಸಿಗ್ಮಂಡ್ ಫ್ರಾಯ್ಡ್ ಆಗ ಮಕ್ಕಳ ನರರೋಗಗಳನ್ನು ಅಧ್ಯಯನ ಮಾಡುತ್ತಿದ್ದರು. ಅವರು 1897ರ ತಮ್ಮ ಗ್ರಂಥದಲ್ಲಿ ಬೇರೆ ಸಾಧ್ಯತೆಯೊಂದನ್ನು ಮುಂದಿಟ್ಟರು. ಗರ್ಭದಲ್ಲೇ ಮಿದುಳಿನ ಬೆಳವಣಿಗೆಗೆ ತೊಂದರೆಯಾಗಿದ್ದು, ಕಷ್ಟದ ಹೆರಿಗೆ ಅದರ ಪರಿಣಾಮವೂ ಆಗಿರಬಹುದಲ್ಲವೇ ಎಂಬುದು ಅವರ ವಾದ. ಅದನ್ನು ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಮೆರಿಕದಲ್ಲಿ 50,000ಕ್ಕೂ ಹೆಚ್ಚು ಗರ್ಭಧಾರಣೆಗಳನ್ನು ಹಿಂಬಾಲಿಸಿದ ಅಧ್ಯಯನದ ವಿಶ್ಲೇಷಣೆ 1986ರಲ್ಲಿ ಪ್ರಕಟವಾದಾಗ, ಹೆರಿಗೆಯ ಹೊತ್ತಿನ ಉಸಿರುಗಟ್ಟುವಿಕೆಯಿಂದ ವಿವರಿಸಬಹುದಾದ ಪ್ರಕರಣಗಳು ಸಣ್ಣ ಪಾಲು ಮಾತ್ರ ಎಂದು ತಿಳಿಯಿತು. ಅವಧಿಗೆ ಮುಂಚಿನ ಜನನ, ಗರ್ಭದಲ್ಲಿ ತಗುಲಿದ ಸೋಂಕು, ಮಿದುಳಿನ ರಚನೆಯಲ್ಲಿನ ವ್ಯತ್ಯಾಸ, ವಂಶವಾಹಿಗಳು ಹೀಗೆ ಕಾರಣಗಳು ಹಲವು. ನಮ್ಮ ದೇಶದಲ್ಲಿ ಹುಟ್ಟುವಾಗಿನ ಉಸಿರುಗಟ್ಟುವಿಕೆ, ನವಜಾತ ಶಿಶುವಿನ ತೀವ್ರ ಕಾಮಾಲೆ, ಮಿದುಳಿನ ಸೋಂಕುಗಳೂ ಮುಖ್ಯ ಕಾರಣಗಳೇ. ಆದ್ದರಿಂದಲೇ ಆಸ್ಪತ್ರೆಯ ಹೆರಿಗೆ, ಕಾಮಾಲೆಗೆ ಸಕಾಲದಲ್ಲಿ ಚಿಕಿತ್ಸೆ ಮಹತ್ವದ್ದು. ಎಷ್ಟೋ ಮಕ್ಕಳಲ್ಲಿ ಇಂಥದ್ದೇ ಕಾರಣ ಎಂದು ಹೇಳಲು ಆಗುವುದೇ ಇಲ್ಲ.

ಗ್ರಹಣದ ದಿನ ಬಸುರಿ ಹೊರಗೆ ಬಂದದ್ದಕ್ಕೆ, ತಿನ್ನಬಾರದ್ದನ್ನು ತಿಂದದ್ದಕ್ಕೆ, ಹಿಂದಿನ ಜನ್ಮದ ಕರ್ಮಕ್ಕೆ ಇದು ಬರುವುದಿಲ್ಲ. ಮನೆಯಲ್ಲಿ ಯಾರಾದರೂ ಹಾಗೆ ಹೇಳುತ್ತಿದ್ದರೆ, ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಅವರನ್ನೂ ಕರೆದೊಯ್ಯಿರಿ. ವೈದ್ಯರ ಬಾಯಿಂದಲೇ ಕೇಳಿದರೆ ತಾಯಿಯ ಮೇಲಿನ ಭಾರ ಸ್ವಲ್ಪ ಇಳಿಯುತ್ತದೆ.

ವಾಸಿಯಾಗುತ್ತದೆಯೇ?

ಮಿದುಳಿಗಾದ ಪೆಟ್ಟನ್ನು ಪೂರ್ತಿ ಅಳಿಸುವ ಚಿಕಿತ್ಸೆ ಇನ್ನೂ ಇಲ್ಲ. ಕಾಂಡಕೋಶ ಅಂದರೆ ಸ್ಟೆಮ್ ಸೆಲ್ ಚುಚ್ಚುಮದ್ದಿನಿಂದ ಗುಣವಾಗುತ್ತದೆ ಎಂದು ಲಕ್ಷಗಟ್ಟಲೆ ಕೇಳುವವರಿದ್ದಾರೆ. ಸೆರೆಬ್ರಲ್ ಪಾಲ್ಸಿಗೆ ಅದು ನಮ್ಮ ದೇಶದಲ್ಲಿ ಅಂಗೀಕೃತ ಚಿಕಿತ್ಸೆಯಲ್ಲ. ಅದಕ್ಕಾಗಿ ಹೊಲ, ಒಡವೆ ಮಾರಬೇಡಿ.

ಮಾಡಬಹುದಾದದ್ದು ಬೇಕಾದಷ್ಟಿದೆ. ಅದರಲ್ಲಿ ಬಹುಪಾಲು ನಡೆಯುವುದು ಮನೆಯಲ್ಲೇ.

- ಬೇಗ ಗುರುತಿಸಿ. 4 ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಮುಷ್ಟಿ ಬಿಡಿಸದಿದ್ದರೆ, 9 ತಿಂಗಳಾದರೂ ಕೂರದಿದ್ದರೆ, ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸುತ್ತಿದ್ದರೆ ವೈದ್ಯರಿಗೆ ತೋರಿಸಿ. ಅವಧಿಗೆ ಮುನ್ನ ಹುಟ್ಟಿದ ಮಗುವಾದರೆ ಆ ವಾರಗಳನ್ನು ಕಳೆದು ಲೆಕ್ಕ ಹಾಕಿ. ತಾನಾಗಿ ಸರಿಹೋದೀತು ಎಂದು ಕಾಯಬೇಡಿ.
- ಮಗುವನ್ನು ಮಲಗಿಸಿ ಉಣಿಸಬೇಡಿ. ತಲೆ, ಬೆನ್ನಿಗೆ ಆಸರೆ ಕೊಟ್ಟು ನೆಟ್ಟಗೆ ಕೂರಿಸಿ, ಸ್ವಲ್ಪ ಸ್ವಲ್ಪವಾಗಿ ಕೊಡಿ. ಪದೇಪದೇ ಕೆಮ್ಮು, ನೆತ್ತಿ ಹತ್ತುವುದು, ಎದೆ ಸೋಂಕು ಆಗುತ್ತಿದ್ದರೆ ವೈದ್ಯರಿಗೆ ತಿಳಿಸಿ.
- ವ್ಯಾಯಾಮವನ್ನು ಸ್ನಾನ, ಬಟ್ಟೆ ತೊಡಿಸುವುದು, ಆಟದ ಜೊತೆಗೇ ಸೇರಿಸಿ. ಮಗು ತಾನೇ ಪ್ರಯತ್ನಿಸಲಿ. ಬಿಗಿದ ಕಾಲನ್ನು ಬಲವಂತವಾಗಿ ಎಳೆಯಬೇಡಿ.
- ವೈದ್ಯರು ಹೇಳಿದಾಗ ಸೊಂಟದ ಎಕ್ಸ್‌ರೇ ತಪ್ಪಿಸಬೇಡಿ. ಕೀಲು ಜಾರುವುದು ಮೊದಮೊದಲು ನೋವಿಲ್ಲದೆಯೇ ನಡೆಯಬಹುದು.
- ಮೂರ್ಛೆಯ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.
- ಕಾರಣವಿಲ್ಲದೆ ಅಳುವ, ನಿದ್ದೆ ಮಾಡದ ಮಗುವಿಗೆ ನೋವಿದೆಯೇ, ಮಲಬದ್ಧತೆ ಇದೆಯೇ ನೋಡಿಸಿ.

ನಾಸಿಕ್ ಮತ್ತು ಸಂಭಾಜಿನಗರದ ಕುಟುಂಬಗಳು ಎಲ್ಲಿಗೆ ಹೋಗಬೇಕು?

ಲಿಟಲ್ ತಮ್ಮ ಕಾಲಿಗಾಗಿ ದೇಶ ಬಿಟ್ಟು ಹೋಗಬೇಕಾಯಿತು. ಇಂದು ಮೊದಲ ಹೆಜ್ಜೆ ಜಿಲ್ಲೆಯೊಳಗೇ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗಿನ ಮಕ್ಕಳ ತಪಾಸಣೆ ಉಚಿತ. ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿಯಲ್ಲಿ ಕೇಳಿ. ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರದ ಬಗ್ಗೆ ವಿಚಾರಿಸಿ, ಡಿ.ಇ.ಐ.ಸಿ. ಎಂದರೆ ಸಿಬ್ಬಂದಿಗೆ ಬೇಗ ತಿಳಿಯುತ್ತದೆ.

ಕೆಲಸಕ್ಕೆಂದು ಕರ್ನಾಟಕದಿಂದ ಇಲ್ಲಿಗೆ ಬಂದ ಕುಟುಂಬಗಳು ಹೆರಿಗೆಯ ಡಿಸ್ಚಾರ್ಜ್ ಕಾಗದ, ಸ್ಕ್ಯಾನ್ ವರದಿಗಳನ್ನು ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ ಎಂದು ಚಿಂತೆ ಬೇಡ. ಮಗುವಿನೊಂದಿಗೆ ನಿಮ್ಮ ಮಾತಿನಲ್ಲೇ ಧಾರಾಳವಾಗಿ ಮಾತನಾಡಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವಿಧಗಳಲ್ಲಿ ಸೆರೆಬ್ರಲ್ ಪಾಲ್ಸಿಯೂ ಒಂದು. ಪ್ರಮಾಣಪತ್ರ ಮತ್ತು ಯು.ಡಿ.ಐ.ಡಿ. ಕಾರ್ಡಿಗೆ ಬೇಗ ಅರ್ಜಿ ಹಾಕಿ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ನೆರವಿದ್ದು, ಥೆರಪಿಯ ವೆಚ್ಚವೂ ಅದರಲ್ಲಿ ಸೇರುತ್ತದೆ. ಹೆಚ್ಚಿನ ಮಾರ್ಗದರ್ಶನಕ್ಕೆ 1972ರಲ್ಲಿ ಮಿಥು ಅಲೂರ್ ಮುಂಬೈಯಲ್ಲಿ ಆರಂಭಿಸಿದ ಸಂಸ್ಥೆ, ಬೆಂಗಳೂರಿನ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇವೆ. ಮಿಥು ಅಲೂರ್ ಅವರ ಮಗಳು ಮಾಲಿನಿ ಚಿಬ್ ಸೆರೆಬ್ರಲ್ ಪಾಲ್ಸಿಯೊಂದಿಗೇ ಉನ್ನತ ಶಿಕ್ಷಣ ಪಡೆದು ಲೇಖಕಿಯಾದವರು.

ಕೊನೆಯ ವರ್ಷಗಳು

ಲಿಟಲ್ ಎಪ್ಪತ್ತು ದಾಟುವವರೆಗೂ ರೋಗಿಗಳನ್ನು ನೋಡಿದರು. ಬಳಿಕ ಕೆಂಟ್ ಪ್ರಾಂತ್ಯದಲ್ಲಿ ನೆಲೆಸಿ 1894ರಲ್ಲಿ ತೀರಿಕೊಂಡರು. ಮಗ ಮ್ಯೂರ್‌ಹೆಡ್ ಲಿಟಲ್ ಕೂಡ ಮೂಳೆ ಶಸ್ತ್ರವೈದ್ಯರಾಗಿ ಹೆಸರು ಮಾಡಿದರು. ಲಿಟಲ್ ಅವರ ಕಾಲಿನ ಪೋಲಿಯೊ ಪೂರ್ತಿ ಮಾಯವಾಗಲಿಲ್ಲ, ಆದರೆ ಆ ಕಾಲಿನಲ್ಲೇ ಅವರು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆದಾಡಿ ದುಡಿದರು. ಸೆರೆಬ್ರಲ್ ಪಾಲ್ಸಿಯ ಚಿಕಿತ್ಸೆಯ ಗುರಿಯೂ ಇದೇ. ಮಗು ಉಳಿದವರಂತೆಯೇ ಕಾಣಬೇಕೆಂದಿಲ್ಲ. ನೋವಿಲ್ಲದೆ ಉಣ್ಣಲಿ, ತನಗೆ ಬೇಕಾದ್ದನ್ನು ಹೇಳಲಿ, ಶಾಲೆಗೆ ಹೋಗಲಿ, ತನ್ನ ಕೈಲಾದಷ್ಟನ್ನು ತಾನೇ ಮಾಡಿಕೊಳ್ಳಲಿ.