ಸ್ಟೀವ್ ಮೆಕ್ವೀನ್: ‘ಬಿ17’ ನಂಬಿ ಮೆಕ್ಸಿಕೊಗೆ ಹೋದ ಸೂಪರ್‌ಸ್ಟಾರ್‌ಗೆ ಏನಾಯಿತು?

ಕ್ಯಾನ್ಸರ್ ಕಾಯಿಲೆಯೇ ಅಲ್ಲ, ವಿಟಮಿನ್ ಬಿ17 ಕೊರತೆ ಅಷ್ಟೇ, ಏಪ್ರಿಕಾಟ್ ಬೀಜ ತಿಂದರೆ ಸಾಕು ಎನ್ನುವ ವಾಟ್ಸ್‌ಆ್ಯಪ್ ಸಂದೇಶ ನಿಮಗೂ ಬಂದಿರಬಹುದು. ಅದನ್ನು ಫಾರ್ವರ್ಡ್ ಮಾಡುವ ಮುನ್ನ ಈ ನಟನ ಕಥೆ ಓದಿ.

ಸ್ಟೀವ್ ಮೆಕ್ವೀನ್ ಹುಟ್ಟಿದ್ದು 1930ರಲ್ಲಿ, ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ. ಅವರು ಕೂಸಾಗಿದ್ದಾಗಲೇ ತಂದೆ ಮನೆ ಬಿಟ್ಟು ಹೋದರು. 17ನೇ ವಯಸ್ಸಿಗೆ ಮರೀನ್ ಸೇನೆ ಸೇರಿದ ಹುಡುಗನಿಗೆ ಹಡಗಿನ ಪೈಪುಗಳಿಗೆ ಸುತ್ತಿದ್ದ ಕಲ್ನಾರನ್ನು, ಅಂದರೆ ಆಸ್ಬೆಸ್ಟಾಸನ್ನು, ಕಿತ್ತು ತೆಗೆಯುವ ಕೆಲಸ ಬಿತ್ತು. ಮುಂದೆ ಅವರು ‘ದಿ ಗ್ರೇಟ್ ಎಸ್ಕೇಪ್’, ‘ಬುಲಿಟ್’ ಚಿತ್ರಗಳ ಮೂಲಕ ಹಾಲಿವುಡ್‌ನ ದೊಡ್ಡ ತಾರೆಯಾದರು. ಕಾರ್ ರೇಸಿನ ಹುಚ್ಚೂ ಇತ್ತು. ಆ ಕಾಲದ ರೇಸಿಂಗ್ ಉಡುಪುಗಳಲ್ಲೂ ಕಲ್ನಾರು ಇರುತ್ತಿತ್ತು.

1978ರಲ್ಲಿ ಶುರುವಾದ ಕೆಮ್ಮು ನಿಲ್ಲಲೇ ಇಲ್ಲ. 1979ರ ಡಿಸೆಂಬರ್‌ನಲ್ಲಿ ಕಾಯಿಲೆ ಗೊತ್ತಾಯಿತು: ಮೀಸೊಥೆಲಿಯೋಮಾ, ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರ್. ಇದಕ್ಕೆ ಮುಖ್ಯ ಕಾರಣ ಕಲ್ನಾರಿನ ಧೂಳು. ಅದು ದೇಹ ಸೇರಿ 20ರಿಂದ 50 ವರ್ಷಗಳ ನಂತರ ಕಾಯಿಲೆ ಕಾಣಿಸಿಕೊಳ್ಳಬಹುದು.

ಗುಣವಾಗುವ ಭರವಸೆಯನ್ನು ಅಮೆರಿಕದ ವೈದ್ಯರು ಕೊಡಲಿಲ್ಲ. 1980ರ ಜುಲೈನಲ್ಲಿ ಮೆಕ್ವೀನ್ ಮೆಕ್ಸಿಕೊಗೆ ಹೋದರು. ಅಲ್ಲಿನ ಚಿಕಿತ್ಸೆ ರೂಪಿಸಿದ್ದ ವಿಲಿಯಂ ಕೆಲ್ಲಿ ಕ್ಯಾನ್ಸರ್ ತಜ್ಞರಲ್ಲ, ದಂತವೈದ್ಯರು. ಕಾಫಿ ಎನಿಮಾ, ಪ್ರಾಣಿಗಳ ಜೀವಕೋಶದ ಇಂಜೆಕ್ಷನ್, ಜೊತೆಗೆ ಏಪ್ರಿಕಾಟ್ ಬೀಜದ ಅಂಶದಿಂದ ಮಾಡಿದ ಲೀಟ್ರೈಲ್. ಇಂದಿನ ಫಾರ್ವರ್ಡ್‌ಗಳ ‘ಬಿ17’ ಇದೇ! ಇದಕ್ಕೆಲ್ಲ ತಿಂಗಳಿಗೆ ಸುಮಾರು 40,000 ಡಾಲರ್ ಖರ್ಚಾಯಿತೆಂದು ವರದಿಗಳಿವೆ. ಅವರು ಚೇತರಿಸಿಕೊಳ್ಳುತ್ತಿದ್ದಾರೆ ಎಂಬ ಸುದ್ದಿಯೂ ಹಬ್ಬಿತು. ಆದರೆ ಗಡ್ಡೆಗಳು ಬೆಳೆಯುತ್ತಲೇ ಇದ್ದವು. ಅಮೆರಿಕದ ವೈದ್ಯರು ಬೇಡವೆಂದರೂ ಮೆಕ್ಸಿಕೊದ ಹ್ವಾರೆಸ್ ನಗರದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅದಾದ ಕೆಲವೇ ಗಂಟೆಗಳಲ್ಲಿ, 1980ರ ನವೆಂಬರ್ 7ರಂದು, ಹೃದಯ ನಿಂತಿತು. ಆಗ ಅವರಿಗೆ 50 ವರ್ಷ.

ಲೀಟ್ರೈಲ್ ನಿಜಕ್ಕೂ ಕೆಲಸ ಮಾಡುತ್ತದೆಯೇ? 1982ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 178 ಕ್ಯಾನ್ಸರ್ ರೋಗಿಗಳಿಗೆ ಅದನ್ನು ಕೊಟ್ಟು ನೋಡಲಾಯಿತು. ಒಬ್ಬರೂ ಗುಣವಾಗಲಿಲ್ಲ. ಕೆಲವರ ರಕ್ತದಲ್ಲಿ ಸಯನೈಡ್ ಅಪಾಯದ ಮಟ್ಟಕ್ಕೇರಿತು. ಬಿ17 ಎಂಬ ವಿಟಮಿನ್ನೇ ಇಲ್ಲ.

ಮೆಕ್ವೀನ್ ಕಾಲದಲ್ಲಿ ಇಲ್ಲದ ಔಷಧಗಳು ಈಗ ಇವೆ. ಪೆಮೆಟ್ರೆಕ್ಸೆಡ್ ಮತ್ತು ಸಿಸ್‌ಪ್ಲಾಟಿನ್ ಜೋಡಿಯ ಕಿಮೊಥೆರಪಿ 2004ರಿಂದ ಬಳಕೆಯಲ್ಲಿದೆ. ಭಾರತದಲ್ಲಿ ಇವುಗಳ ಜೆನೆರಿಕ್ ಸಿಗುವುದರಿಂದ ಖರ್ಚು ಕಡಿಮೆ. 2020ರಲ್ಲಿ ಅಮೆರಿಕ ಒಪ್ಪಿದ ಇಮ್ಯುನೊಥೆರಪಿಗೆ ಲಕ್ಷಗಟ್ಟಲೆ ಬೇಕು. ಕಿಮೊಥೆರಪಿ ಪಡೆದವರಲ್ಲಿ ಅರ್ಧದಷ್ಟು ರೋಗಿಗಳು ಸುಮಾರು 14 ತಿಂಗಳು ಬದುಕಿದರೆ, ಇದರಲ್ಲಿ ಅದು ಸುಮಾರು 18 ತಿಂಗಳಿಗೇರಿತು. ಪೂರ್ತಿ ಗುಣ ಮಾಡುವ ಔಷಧ ಇನ್ನೂ ಬಂದಿಲ್ಲ. ನೋವು, ಉಸಿರಾಟದ ಕಷ್ಟ ತಗ್ಗಿಸುವ ಉಪಶಾಮಕ ಆರೈಕೆಯೂ ಚಿಕಿತ್ಸೆಯೇ.

ಕರ್ನಾಟಕದ ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಯಾವ ಚಿಕಿತ್ಸೆ ಅದರಲ್ಲಿ ಸೇರುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ.

ಇನ್ನೊಂದು ಮಾತು: ಕಲ್ನಾರಿನ ಸಿಮೆಂಟ್ ಶೀಟುಗಳು ನಮ್ಮಲ್ಲಿ ಇಂದಿಗೂ ಬಳಕೆಯಲ್ಲಿವೆ. ಅವನ್ನು ಒಣಗಿದ್ದಾಗ ಕೊರೆಯಬೇಡಿ, ಒಡೆಯಬೇಡಿ.

ಮೆಕ್ವೀನ್ ಬಳಿ ಹಣಕ್ಕೆ ಕೊರತೆಯಿರಲಿಲ್ಲ. ಆದರೂ ‘ಬಿ17’ ಅವರನ್ನು ಉಳಿಸಲಿಲ್ಲ. ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.