ಬೂದಿಕೋಟೆಯ ಯೋಧ ಹೈದರಾಲಿ

ಸಮರಾಂಗಣದಲ್ಲಿ ಮಡಿದ ಯೋಧನಿಗೆ ವೀರಗಲ್ಲನ್ನು ನಿಲ್ಲಿಸುವುದು ಕನ್ನಡನಾಡಿನ ಪುರಾತನ ಸಂಪ್ರದಾಯ. ದಂಡಿನ ಡೇರೆಯಲ್ಲಿ ರೋಗಪೀಡಿತನಾಗಿ ಕಣ್ಮುಚ್ಚಿದವನಿಗೆ ಆ ಭಾಗ್ಯ ಸಾಮಾನ್ಯವಾಗಿ ದೊರೆಯುವುದಿಲ್ಲ. ಆಂಗ್ಲರ ಎದೆಯನ್ನು ನಡುಗಿಸಿದ ಹೈದರಾಲಿಯ ಅಂತ್ಯವೂ ಅಂಥದೇ. ಈತನ ಜನ್ಮಸ್ಥಳ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ. ಮುಂದೆ ಕೋಲಾರದ ಚಿನ್ನದ ಗಣಿಗಳಿಂದ ಲೋಕಪ್ರಸಿದ್ಧವಾದ ಪ್ರದೇಶ ಇಲ್ಲಿಗೆ ದೂರವಲ್ಲ. ಆದರೆ 1720ರ ಆಸುಪಾಸಿನಲ್ಲಿ ಈತ ಹುಟ್ಟಿದಾಗ ಬೂದಿಕೋಟೆ ಬೆಟ್ಟಗುಡ್ಡಗಳ ನಡುವಣ ಒಂದು ಸಣ್ಣ ಕೋಟೆಯೂರು ಮಾತ್ರ.

ತಂದೆ ಫತೇ ಮಹಮ್ಮದ್ ಶಿರಾ ಸೀಮೆಯ ನವಾಬರಲ್ಲಿ ಸೇನಾಧಿಕಾರಿಯಾಗಿದ್ದು ಯುದ್ಧದಲ್ಲಿ ಮೃತನಾದನು. ಆಗ ಹೈದರನಿನ್ನೂ ಬಾಲಕ. ಆಶ್ರಯ ತಪ್ಪಿದ ಕುಟುಂಬ ಬಹು ಕಷ್ಟಕ್ಕೀಡಾಯಿತು. ಅಣ್ಣ ಶಹಬಾಜನು ಮೈಸೂರಿನ ಸೇನೆಯನ್ನು ಸೇರಿದನು. ತಮ್ಮನೂ ಅದೇ ದಾರಿ ಹಿಡಿದನು. 1749ರ ದೇವನಹಳ್ಳಿಯ ಮುತ್ತಿಗೆಯಲ್ಲಿ ತೋರಿದ ಧೈರ್ಯ ಸರ್ವಾಧಿಕಾರಿ ನಂಜರಾಜಯ್ಯನ ಗಮನ ಸೆಳೆಯಿತು. ಸಣ್ಣದೊಂದು ಪಡೆಯ ಒಡೆತನ ಕೈಸೇರಿತು. 1755ರಲ್ಲಿ ದಿಂಡಿಗಲ್ಲಿನ ಫೌಜುದಾರಿಕೆ ಲಭಿಸಿತು. 1761ರ ವೇಳೆಗೆ ಸಿಂಹಾಸನದಲ್ಲಿ ಒಡೆಯರೇ ಇದ್ದರೂ ಸಂಸ್ಥಾನದ ಸೂತ್ರವೆಲ್ಲ ಹೈದರನ ವಶವಾಯಿತು.

ಈತನಿಗೆ ಅಕ್ಷರಜ್ಞಾನವಿರಲಿಲ್ಲ; ಹೆಸರಿನ ಮೊದಲಕ್ಷರವೊಂದನ್ನೇ ರುಜುವಾಗಿ ಗೀಚುತ್ತಿದ್ದನು. ಆದರೆ ಕೇಳಿದ್ದನ್ನು ಮರೆಯದ ಸ್ಮರಣಶಕ್ತಿ, ಹಲವು ಭಾಷೆಗಳಲ್ಲಿ ವ್ಯವಹರಿಸುವ ಚಾತುರ್ಯ, ಜಾತಿಮತಗಳನ್ನೆಣಿಸದೆ ಸಮರ್ಥರನ್ನು ಆರಿಸುವ ದೃಷ್ಟಿ ಇವು ಆ ಕೊರತೆಯನ್ನು ತುಂಬಿದವು. ಪೂರ್ಣಯ್ಯ, ಕೃಷ್ಣರಾಯರಂತಹ ಲೆಕ್ಕಪತ್ರ ನಿಪುಣರು ಈತನ ಆಡಳಿತದ ಆಧಾರಸ್ತಂಭಗಳಾದರು.

ಆದರೆ ಚರಿತ್ರೆಗೆ ಪಕ್ಷಪಾತ ಸಲ್ಲದು. 1763ರಲ್ಲಿ ಹೈದರನು ಬಿದನೂರನ್ನು ವಶಪಡಿಸಿಕೊಂಡಾಗ, ವೀರಶೈವ ಮಠಮಾನ್ಯಗಳಿಗೆ ಆಸರೆಯಾಗಿದ್ದ ಕೆಳದಿ ಅರಸುಮನೆತನ ಅಸ್ತಂಗತವಾಯಿತು. ರಾಣಿ ವೀರಮ್ಮಾಜಿಯು ಮಧುಗಿರಿಯ ದುರ್ಗದಲ್ಲಿ ಸೆರೆಯಾಳಾದಳು. 1779ರಲ್ಲಿ ಚಿತ್ರದುರ್ಗದ ಪಾಳೆಯಪಟ್ಟಿಗೂ ಅದೇ ಗತಿ ಒದಗಿತು. ಈ ನೋವನ್ನು ಮರೆಮಾಚಿ ಹೈದರನನ್ನು ಹೊಗಳುವುದು ಸತ್ಯವಲ್ಲ. ಈ ನೋವೊಂದನ್ನೇ ಹಿಡಿದು ಆತನ ಪರಾಕ್ರಮವನ್ನು ಅಲ್ಲಗಳೆಯುವುದೂ ನ್ಯಾಯವಲ್ಲ. 1769ರಲ್ಲಿ ಮದರಾಸಿನ ಬಾಗಿಲಿಗೇ ಬಂದು ಆಂಗ್ಲರಿಂದ ಒಪ್ಪಂದ ಪಡೆದವನು ಆತನೇ. 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಬಳಿ ಕರ್ನಲ್ ಬೈಲಿಯ ಸೈನ್ಯವನ್ನು ನುಚ್ಚುನೂರು ಮಾಡಿದವನೂ ಆತನೇ. ಮರುವರ್ಷ ಪೋರ್ಟೋ ನೋವೋದಲ್ಲಿ ಸೋತರೂ ಎದೆಗುಂದಲಿಲ್ಲ.

ಶತ್ರುವಿನ ಕತ್ತಿಗೆ ಸಿಗದ ಆ ದೇಹವನ್ನು ಬೆನ್ನಿನ ಮೇಲೆದ್ದ ಹುಣ್ಣೊಂದು ಕೆಡಹಿತು. 1782ರ ಡಿಸೆಂಬರ್ 7ರಂದು ಚಿತ್ತೂರಿನ ಸಮೀಪದ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ಹೈದರಾಲಿಯು ಅಸುನೀಗಿದನು. ಮಗ ಟಿಪ್ಪು ಆಗ ದೂರದ ಮಲೆಯಾಳ ಸೀಮೆಯಲ್ಲಿದ್ದನು. ಸುದ್ದಿ ಹಬ್ಬಿದರೆ ಸೈನ್ಯ ಚದುರೀತು, ಪಿತೂರಿ ಹುಟ್ಟೀತು. ಆದುದರಿಂದ ಪೂರ್ಣಯ್ಯ, ಕೃಷ್ಣರಾಯರೇ ಮೊದಲಾದ ಕೆಲವೇ ಆಪ್ತರು ಮರಣವನ್ನು ಗೋಪ್ಯವಾಗಿರಿಸಿ, ಅರಸು ಅಸ್ವಸ್ಥನಾಗಿರುವನೆಂಬ ಭಾವನೆ ಉಳಿಯುವಂತೆ ದಂಡಿನ ನಿತ್ಯವ್ಯವಹಾರಗಳನ್ನು ನಡೆಸಿದರು. ಟಿಪ್ಪು ಬಂದು ಸೇರುವ ತನಕ ಆ ಸೇನೆ ಚದುರದೆ ನಿಂತಿತು.

ಪಾರ್ಥಿವ ಶರೀರವನ್ನು ಪೆಟ್ಟಿಗೆಯಲ್ಲಿರಿಸಿ, ಖಜಾನೆಯನ್ನು ಒಯ್ಯುವಂತೆ ಕಾವಲಿನೊಡನೆ ಕೋಲಾರಕ್ಕೆ ಸಾಗಿಸಲಾಯಿತು. ಬೂದಿಕೋಟೆಯಿಂದ ಹೊರಟ ಯೋಧ ಹುಟ್ಟಿದ ಸೀಮೆಗೇ ಮರಳಿ ತಂದೆಯ ಸಮಾಧಿಯ ಮಗ್ಗುಲಲ್ಲಿ ಕೆಲಕಾಲ ವಿಶ್ರಮಿಸಿದನು. ನಾಡಿಗೆ ಒಡೆಯನಾದರೂ ತಂದೆಗೆ ಮಗನೇ ತಾನೆ! ಅನಂತರ ಅವಶೇಷಗಳು ಶ್ರೀರಂಗಪಟ್ಟಣದ ಗುಂಬಜಿಗೆ ಸಂದವು.

ಗಣಿಗಳ ಚಿನ್ನ ಕ್ಷೀಣಿಸಿತು. 2001ರಲ್ಲಿ ಅವುಗಳ ಬಾಗಿಲೂ ಮುಚ್ಚಿತು. ಆ ನೆಲದ ಯೋಧನ ಬಾಳು ಕಲಿಸಿದ ಪಾಠವಾದರೋ ಉಳಿದಿದೆ. ಕಟ್ಟಿದವನು ಕಣ್ಮರೆಯಾದ ಮೇಲೂ ಕಟ್ಟಿದ್ದು ನಿಲ್ಲಬೇಕಾದರೆ, ಅವನು ಬದುಕಿರುವಾಗಲೇ ಯೋಗ್ಯರನ್ನು ನಂಬಿ ಬೆಳೆಸಿರಬೇಕು. ಇದು ರಾಜ್ಯಕ್ಕೆಷ್ಟೋ ವಿದ್ಯಾಸಂಸ್ಥೆಗೂ ಅಷ್ಟೇ ಸಲ್ಲುವ ಮಾತು.