ಏಳು ಜನ, ಮೂರು ಹಗ್ಗ: ಎಡ್ವರ್ಡ್ ವಿಂಪರ್ ಕಥೆ

ಸ್ವಿಟ್ಜರ್ಲೆಂಡಿನ ಜರ್ಮಾಟ್ ಅನ್ನೋ ಊರಿನ ಮ್ಯೂಸಿಯಂನಲ್ಲಿ ಒಂದು ತುಂಡು ಹಗ್ಗ ಇಟ್ಟಿದ್ದಾರೆ. ತೆಳ್ಳಗಿನ, ಹಳೇ, ತುದಿ ಕಿತ್ತುಹೋದ ಹಗ್ಗ. ಸುಮ್ಮನೆ ನೋಡಿದರೆ ಇದನ್ನೇನು ನೋಡೋದು ಅನ್ನಿಸುತ್ತೆ. ಆದರೆ 1865ರಲ್ಲಿ ಈ ಹಗ್ಗ ತುಂಡಾದಾಗ ನಾಲ್ಕು ಜನ ಸತ್ತರು, ಮೂವರು ಉಳಿದರು. ಉಳಿದವರಲ್ಲಿ ಒಬ್ಬ ಎಡ್ವರ್ಡ್ ವಿಂಪರ್. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಕ್ಲಾಸಿನಲ್ಲಿ ಎಳೆತದ ಲೆಕ್ಕ ಮಾಡಿ ಮಾಡಿ ಸುಸ್ತಾದ ನಾವೆಲ್ಲ ಒಮ್ಮೆ ಓದಲೇಬೇಕಾದ ಬದುಕು ಇವನದು.

ವಿಂಪರ್ ಹುಟ್ಟಿದ್ದು 1840ರಲ್ಲಿ, ಲಂಡನ್ನಿನಲ್ಲಿ. ಹನ್ನೊಂದು ಮಕ್ಕಳ ಮನೆ. ಅಪ್ಪನದು ಮರದ ಅಚ್ಚು ಕೆತ್ತುವ ಕೆಲಸ. ಫೋಟೋಗಳನ್ನು ಪುಸ್ತಕದಲ್ಲಿ ನೇರವಾಗಿ ಅಚ್ಚು ಹಾಕಲು ಬಾರದಿದ್ದ ಕಾಲ ಅದು. ಚಿತ್ರ ಬೇಕು ಅಂದರೆ ಮರದ ಮೇಲೆ ಗೆರೆ ಗೆರೆಯಾಗಿ ಕೆತ್ತಬೇಕಿತ್ತು. ಹುಡುಗನೂ ಅದೇ ಕಸುಬು ಕಲಿತ. 1860ರಲ್ಲಿ ಲಂಡನ್ನಿನ ಪ್ರಕಾಶಕರೊಬ್ಬರು ಆಲ್ಪ್ಸ್ ಪರ್ವತಗಳ ಚಿತ್ರ ಬರೆದುಕೊಂಡು ಬಾ ಅಂತ ಇಪ್ಪತ್ತು ವರ್ಷದ ಈ ಹುಡುಗನನ್ನು ಕಳಿಸಿದರು. ಅಲ್ಲಿವರೆಗೆ ಅವನು ಬೆಟ್ಟ ಹತ್ತಿದವನೇ ಅಲ್ಲ. ಚಿತ್ರ ಬರೆಯೋಕೆ ಹೋದವನು ಬೆಟ್ಟದ ಹುಚ್ಚು ಹಿಡಿಸಿಕೊಂಡು ವಾಪಸ್ ಬಂದ.

ಆ ಹುಚ್ಚಿಗೆ ಒಂದು ಹೆಸರಿತ್ತು, ಮ್ಯಾಟರ್‌ಹಾರ್ನ್. ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಗಡಿಯಲ್ಲಿ ನಿಂತಿರುವ 4478 ಮೀಟರ್ ಎತ್ತರದ ಶಿಖರ. ಉತ್ತರಕ್ಕೆ ಸ್ವಿಸ್ ಬದಿಯಲ್ಲಿ ಸುಮಾರು 1600 ಮೀಟರ್ ಎತ್ತರದಲ್ಲಿ ಜರ್ಮಾಟ್ ಕಣಿವೆ, ದಕ್ಷಿಣಕ್ಕೆ ಇಟಲಿಯ ವಾಲ್ತೂರ್ನಾಂಶ್ ಕಣಿವೆ. ಸುತ್ತಲಿನ ದೊಡ್ಡ ಶಿಖರಗಳನ್ನೆಲ್ಲ ಜನ ಒಂದೊಂದಾಗಿ ಹತ್ತುತ್ತಿದ್ದರೂ ಇದರ ತುದಿಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಇದನ್ನು ಹತ್ತೋಕೆ ಆಗಲ್ಲ ಅಂತಲೇ ಹೆಚ್ಚಿನವರು ನಂಬಿದ್ದರು. ಆಗುತ್ತೆ ಅಂತ ನಂಬಿದ್ದವರಲ್ಲಿ ಇಟಲಿ ಬದಿಯ ಜಾನ್ ಆಂತ್ವಾನ್ ಕರೆಲ್ ಮುಖ್ಯನಾದವನು. ಸೈನ್ಯದಲ್ಲಿದ್ದು ಬಂದವನು, ಆ ಕಣಿವೆಯಲ್ಲೇ ಹುಟ್ಟಿ ಬೆಳೆದವನು. ತನ್ನ ಊರಿನ ಬೆಟ್ಟವನ್ನು ತನ್ನ ಊರಿನ ಕಡೆಯಿಂದಲೇ ಹತ್ತಬೇಕು ಅನ್ನೋದು ಅವನ ಹಟ.

1861ರಿಂದ ವಿಂಪರ್ ಇಟಲಿ ಬದಿಯ ಏಣಿನಲ್ಲಿ ಮತ್ತೆ ಮತ್ತೆ ಪ್ರಯತ್ನ ಮಾಡುತ್ತಿದ್ದ. ಕೆಲವೊಮ್ಮೆ ಕರೆಲ್ ಜೊತೆ, ಕೆಲವೊಮ್ಮೆ ಬೇರೆಯವರ ಜೊತೆ, ಒಮ್ಮೆ ಒಬ್ಬನೇ. 1862ರಲ್ಲಿ ಒಬ್ಬನೇ ಹೋಗಿ ಇಳಿಯುವಾಗ ಜಾರಿ ಸುಮಾರು 60 ಮೀಟರ್ ಉರುಳಿದ. ತಲೆ ಒಡೆದುಕೊಂಡು ರಕ್ತ ಸುರಿಸಿಕೊಂಡು ಊರಿಗೆ ಬಂದವನು, ಕೆಲವೇ ದಿನಗಳಲ್ಲಿ ಮತ್ತೆ ಅದೇ ಬೆಟ್ಟಕ್ಕೆ ಹೋದ! ಈ ನಡುವೆ ತನಗೆ ಬೇಕಾದ ಡೇರೆಯನ್ನು ತಾನೇ ವಿನ್ಯಾಸ ಮಾಡಿಕೊಂಡಿದ್ದ. ಎರಡೂ ತುದಿಗಳಲ್ಲಿ ಕತ್ತರಿಯಂತೆ ನಿಲ್ಲುವ ಕೋಲುಗಳು, ಗೋಡೆಗೇ ಹೊಲಿದ ನೆಲಹಾಸು. ವಿಂಪರ್ ಡೇರೆ ಅಂತಲೇ ಹೆಸರಾಗಿ ಅವನ ನಂತರವೂ ಬಹಳ ಕಾಲ ಪರ್ವತಾರೋಹಿಗಳು ಅದನ್ನು ಬಳಸಿದರು.

ಸೋತು ಸೋತು ಅವನು ಕೂತು ಯೋಚನೆ ಮಾಡಿದ್ದೇ ಇಲ್ಲಿ ಮುಖ್ಯ. ಜರ್ಮಾಟ್‌ನಿಂದ ನೋಡಿದರೆ ಮ್ಯಾಟರ್‌ಹಾರ್ನ್‌ನ ಪೂರ್ವದ ಮುಖ ನೆಟ್ಟಗೆ ಗೋಡೆ ಥರ ಕಾಣುತ್ತೆ. ಎಲ್ಲರೂ ಅದನ್ನು ನೋಡಿಯೇ ಹೆದರಿದ್ದರು. ವಿಂಪರ್ ಅದನ್ನು ಪಕ್ಕದಿಂದ ನೋಡಿದ. ಇಳಿಜಾರು ಸುಮಾರು 40 ಡಿಗ್ರಿ ಅಷ್ಟೇ! ಇನ್ನೊಂದು ವಿಷಯವೂ ಹೊಳೆಯಿತು. ಬಂಡೆಯ ಪದರಗಳು ಇಟಲಿ ಕಡೆಗೆ ವಾಲಿವೆ. ಹಾಗಾಗಿ ಆ ಕಡೆಯಿಂದ ಹತ್ತುವವನಿಗೆ ಪ್ರತಿ ಹಿಡಿತವೂ ಹೊರಕ್ಕೆ ಜಾರುವಂತಿರುತ್ತೆ. ಅದೇ ಪದರಗಳು ಸ್ವಿಸ್ ಕಡೆಯಿಂದ ಒಳಕ್ಕೆ ವಾಲಿದ ಮೆಟ್ಟಿಲಿನಂತೆ ಸಿಗುತ್ತವೆ. ಅಂದರೆ ಎಲ್ಲರೂ ಸುಲಭ ಅಂದುಕೊಂಡಿದ್ದ ದಾರಿಯೇ ಕಷ್ಟದ್ದು, ಅಸಾಧ್ಯ ಅಂದುಕೊಂಡಿದ್ದೇ ಸುಲಭದ್ದು.

1865ರ ಜುಲೈನಲ್ಲಿ ಕರೆಲ್ ಇಟಲಿಯ ತಂಡದೊಂದಿಗೆ ಹೊರಟುಹೋದ ಅಂತ ವಿಂಪರ್‌ಗೆ ಗೊತ್ತಾಯಿತು. ಮೋಸವಾಯಿತು ಅನ್ನಿಸಿತು. ಕಣಿವೆ ದಾಟಿ ಜರ್ಮಾಟ್‌ಗೆ ಓಡಿಬಂದ. ದಾರಿಯಲ್ಲಿ ಹದಿನೆಂಟರ ಹುಡುಗ ಲಾರ್ಡ್ ಫ್ರಾನ್ಸಿಸ್ ಡಗ್ಲಸ್ ಜೊತೆಯಾದ. ಜರ್ಮಾಟ್‌ನಲ್ಲಿ ಚಾರ್ಲ್ಸ್ ಹಡ್ಸನ್ ಎಂಬ ಪಾದ್ರಿ, ಅವರ ಜೊತೆಗಿದ್ದ ಹತ್ತೊಂಬತ್ತರ ಡಗ್ಲಸ್ ಹ್ಯಾಡೋ, ಶಮೊನಿ ಕಣಿವೆಯ ಹೆಸರಾಂತ ಗೈಡ್ ಮಿಶೆಲ್ ಕ್ರೋ ಸಿಕ್ಕರು. ಊರಿನ ಗೈಡ್ ಪೀಟರ್ ಟೌಗ್‌ವಾಲ್ಡರ್ ಮತ್ತು ಅವನ ಮಗ ಸೇರಿ ಒಟ್ಟು ಏಳು ಜನ. ಹ್ಯಾಡೋಗೆ ಅನುಭವ ಕಡಿಮೆ. ಇವನಿಂದ ಆಗುತ್ತಾ ಅಂತ ವಿಂಪರ್ ಕೇಳಿದ. ಹಡ್ಸನ್ ಆಗುತ್ತೆ ಅಂದರು. ಅಷ್ಟಕ್ಕೇ ಮಾತು ಮುಗೀತು. ಅವಸರದಲ್ಲಿ ಕಟ್ಟಿದ ತಂಡ ಅದು.

ಜುಲೈ 13ರ ಬೆಳಗ್ಗೆ ಹೊರಟರು. ಹೋರ್ನ್ಲಿ ಏಣಿನ ದಾರಿ ವಿಂಪರ್ ಲೆಕ್ಕ ಹಾಕಿದ್ದಕ್ಕಿಂತಲೂ ಸಲೀಸಾಗಿತ್ತು. ಮರುದಿನ, 14ರ ಮಧ್ಯಾಹ್ನ 1.40ಕ್ಕೆ ಶಿಖರ! ಕೆಳಗೆ ಇಟಲಿ ಬದಿಯಲ್ಲಿ ಕರೆಲ್ ತಂಡ ಚುಕ್ಕೆಗಳ ಹಾಗೆ ಕಾಣುತ್ತಿತ್ತು. ಅವರಿಗೆ ಗೊತ್ತಾಗಲಿ ಅಂತ ಇವರು ಕೂಗಿದರು, ಕಲ್ಲು ಉರುಳಿಸಿದರು. ಕ್ರೋ ತನ್ನ ಅಂಗಿಯನ್ನೇ ಡೇರೆಯ ಕೋಲಿಗೆ ಕಟ್ಟಿ ಬಾವುಟ ಮಾಡಿದ. ಒಂದು ಗಂಟೆ ಶಿಖರದ ಮೇಲಿದ್ದರು.

ಇಳಿಯುವಾಗ ಮುಂದೆ ಕ್ರೋ, ಹಿಂದೆ ಹ್ಯಾಡೋ, ಹಡ್ಸನ್, ಡಗ್ಲಸ್, ಹಿರಿಯ ಟೌಗ್‌ವಾಲ್ಡರ್, ಆಮೇಲೆ ವಿಂಪರ್, ಕೊನೆಗೆ ಟೌಗ್‌ವಾಲ್ಡರ್‌ನ ಮಗ. ಎಲ್ಲರೂ ಒಂದೇ ಸಾಲಿನಲ್ಲಿ ಕಟ್ಟಿಕೊಂಡಿದ್ದರು. ಹ್ಯಾಡೋ ಜಾರಿದ. ಅವನ ಕಾಲು ತಗುಲಿ ಕ್ರೋ ಬಿದ್ದ. ಆ ಎಳೆತಕ್ಕೆ ಹಡ್ಸನ್, ಅವರ ಹಿಂದೆ ಡಗ್ಲಸ್. ಮೇಲಿದ್ದ ಮೂವರು ಬಂಡೆಗೆ ಒರಗಿ ಗಟ್ಟಿಯಾಗಿ ನಿಂತರು. ಹಗ್ಗ ಬಿಗಿಯಾಯಿತು. ಡಗ್ಲಸ್ ಮತ್ತು ಹಿರಿಯ ಟೌಗ್‌ವಾಲ್ಡರ್ ನಡುವೆ ಫಟ್ ಅಂತ ತುಂಡಾಯಿತು. ನಾಲ್ವರೂ ಸುಮಾರು 1200 ಮೀಟರ್ ಕೆಳಗಿನ ಹಿಮನದಿಗೆ ಬಿದ್ದರು. ಮೂವರ ಹೆಣ ಸಿಕ್ಕಿತು. ಡಗ್ಲಸ್‌ನದು ಸಿಗಲೇ ಇಲ್ಲ.

ಆಮೇಲೆ ಹಗ್ಗ ನೋಡಿದಾಗ ವಿಂಪರ್ ದಂಗಾದ. ಅವರ ಬಳಿ ಮೂರು ಥರದ ಹಗ್ಗವಿತ್ತು. ಒಂದು, ಸುಮಾರು 60 ಮೀಟರ್ ಒಳ್ಳೆಯ ಮನಿಲಾ ಹಗ್ಗ. ಎರಡನೆಯದು ಅದಕ್ಕಿಂತ ದಪ್ಪ, ಸುಮಾರು 45 ಮೀಟರ್. ಮೂರನೆಯದು ಹಳೇದು, ಹಗುರದ್ದು, ಕಿಟಕಿ ಎತ್ತಿಳಿಸೋಕೆ ಬಳಸುವ ಜಾತಿಯದು. ತುಂಡಾಗಿದ್ದು ಆ ಮೂರನೆಯದು. ಗಟ್ಟಿ ಹಗ್ಗ ಜೊತೆಯಲ್ಲೇ ಇತ್ತು!

ಟೌಗ್‌ವಾಲ್ಡರ್ ತನ್ನ ಜೀವ ಉಳಿಸಿಕೊಳ್ಳೋಕೆ ಹಗ್ಗ ಕತ್ತರಿಸಿದ ಅಂತ ಸುದ್ದಿ ಹಬ್ಬಿತು. ಜರ್ಮಾಟ್‌ನಲ್ಲಿ ವಿಚಾರಣೆ ನಡೆಯಿತು. ತಪ್ಪು ಸಾಬೀತಾಗಲಿಲ್ಲ, ಬಿಟ್ಟರು. ಕತ್ತರಿಸಿಲ್ಲ, ತಾನಾಗಿ ಹರಿದಿದೆ ಅಂತ ವಿಂಪರ್ ಸ್ಪಷ್ಟವಾಗಿ ಹೇಳಿದ. ಆದರೆ ತನ್ನ ಮುಂದಿದ್ದವರಿಗೆ ಕಟ್ಟಲು ಟೌಗ್‌ವಾಲ್ಡರ್ ದುರ್ಬಲ ಹಗ್ಗವನ್ನೇ ಬಳಸಿದ್ದು ಅನುಮಾನಕ್ಕೆ ಎಡೆ ಕೊಡುತ್ತದೆ ಅಂತಲೂ ಬರೆದ. ಊರಿನವರೂ ಅವನನ್ನು ಅನುಮಾನದಿಂದಲೇ ನೋಡಿದರು.

ಇಲ್ಲಿ ನಮಗೆ ತಕರಾರಿದೆ. ಆ ಹಗ್ಗವನ್ನು ತಂದದ್ದು ವಿಂಪರ್. ಕೆಳಗಿನವರು ಹಗ್ಗ ಕಟ್ಟಿಕೊಳ್ಳುವಾಗ ಅವನು ಶಿಖರದ ಚಿತ್ರ ಬರೆಯುತ್ತಿದ್ದ, ಏಳು ಜನರ ಹೆಸರು ಬರೆದು ಬಾಟಲಿಯಲ್ಲಿ ಇಡುತ್ತಿದ್ದ. ಕಷ್ಟದ ಜಾಗದಲ್ಲಿ ಬಂಡೆಗೆ ಒಂದು ಹಗ್ಗ ಕಟ್ಟೋಣ ಅಂತ ಅವನೇ ಹಡ್ಸನ್‌ಗೆ ಹೇಳಿದ್ದ, ಕಟ್ಟಲಿಲ್ಲ. ಗಂಟು ಹಾಕಿದವನೊಬ್ಬನ ಮೇಲೆ ಹೊರೆ ಹಾಕಿದರೆ ನ್ಯಾಯವಾಗುತ್ತಾ? ಇನ್ನೊಂದು ಮಾತು. ಆ ಕಾಲದ ನಾರಿನ ಹಗ್ಗ ಈಗಿನ ನೈಲಾನ್ ಹಗ್ಗದಂತೆ ಹಿಗ್ಗಿ ಹೊಡೆತ ನುಂಗುತ್ತಿರಲಿಲ್ಲ. ನಾಲ್ಕು ಜನರ ಜಗ್ಗುವಿಕೆ ಒಮ್ಮೆಲೇ ಬರುತ್ತಿತ್ತು. ಗಟ್ಟಿ ಹಗ್ಗವಿದ್ದರೆ ಏಳೂ ಜನ ಉಳಿಯುತ್ತಿದ್ದರೋ, ಏಳೂ ಜನ ಹೋಗುತ್ತಿದ್ದರೋ ಹೇಳೋಕಾಗಲ್ಲ. ಆದರೆ ಇಳಿಯುವ ಮುಂಚೆ ಹಗ್ಗವನ್ನು ಒಬ್ಬರಾದರೂ ನೋಡಬೇಕಿತ್ತು. ಏಳು ಜನರಲ್ಲಿ ಅದು ಯಾರ ಕೆಲಸವೂ ಆಗಿರಲಿಲ್ಲ.

ಮೂರು ದಿನದ ಮೇಲೆ, ಜುಲೈ 17ರಂದು, ಕರೆಲ್ ಇಟಲಿ ಬದಿಯಿಂದಲೇ ಶಿಖರ ಮುಟ್ಟಿದ. ವಿಂಪರ್ ಆಲ್ಪ್ಸ್‌ನಲ್ಲಿ ಹೊಸ ಶಿಖರಗಳ ಬೆನ್ನು ಹತ್ತುವುದನ್ನು ಬಿಟ್ಟ. ಗ್ರೀನ್‌ಲ್ಯಾಂಡ್‌ಗೆ ಎರಡು ಸಲ ಹೋದ. 1871ರಲ್ಲಿ ತನ್ನ ಆಲ್ಪ್ಸ್ ಅನುಭವದ ಪುಸ್ತಕವನ್ನು ತಾನೇ ಕೆತ್ತಿದ ಚಿತ್ರಗಳೊಂದಿಗೆ ತಂದ. 1880ರಲ್ಲಿ ದಕ್ಷಿಣ ಅಮೆರಿಕದ ಈಕ್ವೆಡಾರ್‌ನಲ್ಲಿ 6263 ಮೀಟರ್ ಎತ್ತರದ ಚಿಂಬೊರಾಜೋ ಶಿಖರವನ್ನು ಮೊದಲ ಬಾರಿಗೆ ಹತ್ತಿದ. ಜೊತೆಗೆ ಯಾರು ಗೊತ್ತಾ? ಅದೇ ಹಳೇ ಎದುರಾಳಿ ಕರೆಲ್! ಎತ್ತರದಲ್ಲಿ ಮೈಗೆ ಏನಾಗುತ್ತೆ, ಗಾಳಿಯ ಒತ್ತಡ ಅಳೆಯುವ ಸಾಧನ ಎಷ್ಟು ತಪ್ಪು ತೋರಿಸುತ್ತೆ ಅಂತೆಲ್ಲ ಅಲ್ಲಿ ಪರೀಕ್ಷೆ ಮಾಡಿದ. ಹತ್ತು ವರ್ಷದ ನಂತರ ಕರೆಲ್ ಮ್ಯಾಟರ್‌ಹಾರ್ನ್‌ನಲ್ಲೇ ತೀರಿಕೊಂಡ. ಬಿರುಗಾಳಿಯಲ್ಲಿ ತನ್ನ ತಂಡವನ್ನು ಸುರಕ್ಷಿತವಾಗಿ ಇಳಿಸಿ, ಆಮೇಲೆ ಸುಸ್ತಾಗಿ ಕುಸಿದ.

ಕೊನೆಯ ವರ್ಷಗಳಲ್ಲಿ ವಿಂಪರ್ ಶಮೊನಿ ಮತ್ತು ಜರ್ಮಾಟ್ ಕಣಿವೆಗಳಿಗೆ ದಾರಿ ತೋರಿಸುವ ಕೈಪಿಡಿಗಳನ್ನು ಬರೆದ. ಅವನು ಕಂಡುಕೊಂಡ ಹೋರ್ನ್ಲಿ ದಾರಿಯೇ ಇವತ್ತಿಗೂ ಮ್ಯಾಟರ್‌ಹಾರ್ನ್ ಹತ್ತುವವರ ಮಾಮೂಲಿ ದಾರಿ. 3260 ಮೀಟರ್‌ನಲ್ಲಿ ತಂಗುಮನೆ ಇದೆ, ಕಷ್ಟದ ಜಾಗಗಳಲ್ಲಿ ಬಂಡೆಗೆ ದಪ್ಪ ಹಗ್ಗ ಕಟ್ಟಿದ್ದಾರೆ. ಅವತ್ತು ಕಟ್ಟೋಣ ಅಂದು ಕಟ್ಟದೇ ಹೋದದ್ದು ಅದೇ ತಾನೇ.

1911ರ ಸೆಪ್ಟೆಂಬರ್‌ನಲ್ಲಿ, 71ನೇ ವಯಸ್ಸಿನಲ್ಲಿ, ವಿಂಪರ್ ಶಮೊನಿಯ ಹೋಟೆಲೊಂದರಲ್ಲಿ ತೀರಿಕೊಂಡ. ಅಲ್ಲೇ ಮಣ್ಣು ಮಾಡಿದರು. ಅದು ಮಿಶೆಲ್ ಕ್ರೋ ಹುಟ್ಟಿದ ಕಣಿವೆ. ಕ್ರೋ ಸಮಾಧಿ ಇರೋದು ಜರ್ಮಾಟ್‌ನಲ್ಲಿ, ಮ್ಯಾಟರ್‌ಹಾರ್ನ್ ಬುಡದಲ್ಲಿ.

ಎಷ್ಟು ವರ್ಷ ಬೇಕಾದರೂ ಕೂತು ಒಂದು ದಾರಿಯ ಲೆಕ್ಕ ಸರಿಯಾಗಿ ಹಾಕಬಹುದು. ಆಮೇಲೆ ಒಂದು ಗಂಟು ನೋಡೋದು ಮರೆತುಹೋಗಬಹುದು. ಮುಂದಿನ ಸಲ ಪ್ರಾಜೆಕ್ಟ್ ಮುಗಿಸುವ ಅವಸರದಲ್ಲಿ, ಅದನ್ನ ಇನ್ಯಾರೋ ಚೆಕ್ ಮಾಡಿರ್ತಾರೆ ಬಿಡು ಅಂತ ನಾವು ಅಂದುಕೊಂಡಾಗ, ಜರ್ಮಾಟ್‌ನ ಆ ಹಗ್ಗದ ತುಂಡು ನೆನಪಿಗೆ ಬಂದರೆ ಸಾಕು.